ಶಾಂತಾ ಕಾಕು ಓದಿದ ಆಕಾಶದ ಕಾದಂಬರಿ

ಶಾಂತಾ ಕಾಕು ಕಾದಂಬರಿಯೊಳಗಿನ ಜನರನ್ನು ಗಟ್ಟಿಯಾಗಿ ಬೈಯುತ್ತಿದ್ದರು. ಸೊಲ್ಲಾಪುರದ ಮನೆಯ ಮಾಳಿಗೆಯಲ್ಲಿ ಅವರು ಓದಲು ಕೂತರೆ ಕೆಳಗಿನ ಚಾದರ ಅಂಗಡಿಗೆ ಬಂದ ಗಿರಾಕಿಗಳು ತಲೆ ಎತ್ತಿ ನೋಡುತ್ತಿದ್ದರು. “ಖೋಡಿ, ಅವ್ವ ಬಾಗಿಲದಾಗ ನಿಂತಾಳ, ಒಮ್ಮೆ ಹೊಳ್ಳಿ ನೋಡಿದ್ರ ನಿನ್ನ ಗಂಟೇನು ಹೋಗತಿತ್ತು?” ಎಂದು ಮೇಲಿನಿಂದ ದನಿ ಏರುತ್ತಿತ್ತು. “ಮನ್ಯಾಗ ಜಗಳ ಅಲ್ರಿ, ಪುಸ್ತಕದಾಗ,” ಎಂದು ಕಾಕಾ ಚಾದರ ಮಡಚುತ್ತಲೇ ಸಮಜಾಯಿಷಿ ಕೊಡುತ್ತಿದ್ದರು.

ಕಾಕು ನನ್ನ ಚಿಕ್ಕಪ್ಪನ ಹೆಂಡತಿ. ಉಳಿದವರೆಲ್ಲ ಮರಾಠಿ ಪೇಪರು ಓದುವ ಮನೆಯಲ್ಲಿ ಅವರೊಬ್ಬರದೇ ಕನ್ನಡ ಕಾದಂಬರಿ. ಅದೂ ಸಂಸಾರದ ಒಳಗುದಿಯನ್ನು ನಿಧಾನವಾಗಿ ಬಿಚ್ಚುವ ಗಂಭೀರ ಕಾದಂಬರಿಯೇ ಆಗಬೇಕು. “ಕಥಿಯೊಳಗ ಒಂದು ಅಡಗಿಮನಿ ಇರಬೇಕು. ಒಲಿ ಹೊತ್ತಲಾರದ ಮನಿ ಕಥಿ ನನಗ ಬ್ಯಾಡ,” ಎನ್ನುತ್ತಿದ್ದರು.

ಹಾಗಾಗಿ ನಾನು ಕಲಬುರಗಿಯಿಂದ ಒಂದು ವೈಜ್ಞಾನಿಕ ಕಾದಂಬರಿ ತಂದಾಗ ರಕ್ಷಾಪುಟದ ಮೇಲಿನ ರಾಕೆಟ್ ನೋಡಿಯೇ ಮೂಗು ಮುರಿದರು. “ಇದನ್ನ ನಿಮ್ಮ ಕಾಕಾಗ ಕೊಡು.” ಆಮೇಲೆ ಕಾಲು ಉಳುಕಿ ಮಾಳಿಗೆ ಇಳಿಯಲಾಗದೆ, ಇದ್ದ ಪುಸ್ತಕಗಳೆಲ್ಲ ಮುಗಿದು, ಬೇರೆ ದಾರಿಯಿಲ್ಲದೆ ಅದನ್ನೇ ಕೈಗೆತ್ತಿಕೊಂಡರು. ಮೊದಮೊದಲು ಫೋನ್ ಮಾಡಿ ನನ್ನನ್ನೇ ಬೈದರು. “ಎಂಥಾ ಮಂದಿ ಇವರು? ಗುಳಿಗಿ ನುಂಗಿ ಹೊಟ್ಟಿ ತುಂಬಿಸ್ಕೋತಾರ!” ಆಮೇಲೆ ಫೋನು ನಿಂತಿತು. ನೋಡಲು ಹೋದರೆ ಪುಸ್ತಕವನ್ನು ಎದೆಯ ಮೇಲೆ ಕವುಚಿಕೊಂಡು ಸುಮ್ಮನೆ ಮಲಗಿದ್ದರು.

ಆ ಕಾದಂಬರಿಯ ಹೆಂಗಸು ನೌಕೆಯೊಂದರಲ್ಲಿ ದೂರದ ನಕ್ಷತ್ರಕ್ಕೆ ಹೊರಟವಳು. ಭೂಮಿಯಿಂದ ಆಡಿದ ಮಾತು ಅವಳನ್ನು ಮುಟ್ಟಲು ವರ್ಷಗಳೇ ಬೇಕು. ತಾಯಿ ಹಾಸಿಗೆ ಹಿಡಿದ ಸುದ್ದಿ ಕಿವಿಗೆ ಬೀಳುವ ಹೊತ್ತಿಗೆ ತಾಯಿ ಇರುವುದಿಲ್ಲ.

“ಯಾರನ್ನ ಬೈಯಲಿ, ಸುಮಿ?” ಎಂದರು ಕಾಕು. “ಹುಡುಕಿ ಹುಡುಕಿ ನೋಡಿದ್ನಿ. ತಪ್ಪು ಮಾಡಿದವರು ಒಬ್ಬರೂ ಸಿಗವಲ್ಲರು.”

ಅವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವರ ತಾಯಿ ತೀರಿಕೊಂಡದ್ದು ಅಕ್ಕಲಕೋಟೆಯಲ್ಲಿ, ಕಾಕುವಿನ ಅಕ್ಕ ಗಂಗಾಮಾವಶಿಯ ಮನೆಯಲ್ಲಿ. ಸುದ್ದಿ ತಡವಾಗಿ ಬಂದು ಕಾಕುವಿಗೆ ಕೊನೆಯ ಸಲ ತಾಯಿಯ ಮುಖ ನೋಡಲು ಸಿಗಲಿಲ್ಲ. ಅಕ್ಕ ಬೇಕೆಂದೇ ತಿಳಿಸಲಿಲ್ಲ ಎಂಬ ಸಿಟ್ಟಿನಲ್ಲಿ ಅಂದಿನಿಂದ ಆ ಹೊಸ್ತಿಲು ತುಳಿದಿರಲಿಲ್ಲ.

ಕಾಲು ನೆಟ್ಟಗಾದದ್ದೇ ನನ್ನನ್ನು ಕರೆದುಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದರು. ಬಾಗಿಲು ತೆರೆದ ಮಾವಶಿ ಕಣ್ಣು ಕಿರಿದು ಮಾಡಿ ನೋಡಿದರು.

“ಶಾಂತಾ? ಯಾಕ ಬಂದಿ?”

“ಕಥಿ ಹೇಳಾಕ ಬಂದೀನಿ. ಒಳಗ ಕರೀತಿಯೋ, ಇಲ್ಲೇ ನಿಂತು ಹೇಳಲ್ಯೋ?”

“ಅವತ್ತ ಫೋನು ಹತ್ತಲೇ ಇಲ್ಲ ನೋಡವಾ,” ಎನ್ನುತ್ತ ಮಾವಶಿ ಅಳತೊಡಗಿದರು.

“ಇರಲಿ, ಅಕ್ಕಾ. ಮೊದಲ ಚಾ ಇಡು.”

ಮಾವಶಿ ಶಾಲೆಯ ಮುಖ ಕಂಡವರಲ್ಲ. ಕಾಕು ಗುರುವಾರಕ್ಕೊಮ್ಮೆ ಹೋಗಿ ಆ ಕಾದಂಬರಿಯನ್ನು ಅವರಿಗೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದರು. ಬೇಗ ಮುಗಿಯಬಾರದೆಂದೋ ಏನೋ, ಇಲ್ಲದ್ದನ್ನೂ ಸೇರಿಸುತ್ತಿದ್ದರು. ಅವರ ನೌಕೆಯಲ್ಲಿ ಸಂಕ್ರಾಂತಿ ಬರುತ್ತಿತ್ತು, ಸಜ್ಜೆಯ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಕಳೆದ ಚಳಿಗಾಲದಲ್ಲಿ ಕಾಕು ನಿದ್ದೆಯಲ್ಲೇ ಹೋದರು. ಸುದ್ದಿ ಕೂಡಲೇ ಮುಟ್ಟಿತು. ಮಾವಶಿ ಬಂದು ತಂಗಿಯ ಮುಖ ನೋಡಿದರು. ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಗುರುವಾರ ನಾನೇ ಪುಸ್ತಕ ಹಿಡಿದು ಅಕ್ಕಲಕೋಟೆಗೆ ಹೋಗಿ, ಉಳಿದ ಕಥೆ ಹೇಳತೊಡಗಿದೆ. ಮಾವಶಿ ಕೈ ಅಡ್ಡ ಹಿಡಿದರು.

“ನೀ ಬರೋಬರಿ ಹೇಳಾಕತ್ತಿ, ಖರೆ. ಆದ್ರ ಆಕಿ ಹೇಳೂ ಮುಂದ ಎಲ್ಲಾರೂ ನಮ್ಮ ಓಣಿ ಮಂದಿ ಅನಸ್ತಿದ್ರು.”

ಪುಸ್ತಕ ಮುಚ್ಚಿದೆ.

“ಆ ಹುಡುಗಿ ಮುಟ್ಟತಾಳೇನು? ಅಷ್ಟು ಹೇಳು,” ಎಂದರು ಮಾವಶಿ.

ಮುಟ್ಟುವುದಿಲ್ಲ. ಅವಳಿನ್ನೂ ಹಾದಿಯಲ್ಲಿರುವಾಗಲೇ ಕಾದಂಬರಿ ಮುಗಿಯುತ್ತದೆ.

“ಮುಟ್ಟತಾಳ್ರಿ, ಮಾವಶಿ,” ಎಂದೆ. “ಕರಕೊಂಡು ಹೋಗಾಕ ಆಕಿ ಅಕ್ಕ ಬಂದಿರ್ತಾಳ.”