ಇನ್ಶಿರಾಹ್ ಅಬ್ಲಾ ಎದ್ದು ಹೋದದ್ದು

ಇನ್ಶಿರಾಹ್ ಅಬ್ಲಾ ಅಲೆಕ್ಸಾಂಡ್ರಿಯಾದ ಟ್ರಾಮಿನಲ್ಲಿ ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದವರು. ಅವರು ಒಮ್ಮೆ "ಒಳಗೆ ಸರೀರಿ!" ಎಂದರೆ ಸರಿಯಲು ಜಾಗವಿಲ್ಲದವರೂ ಸರಿಯುತ್ತಿದ್ದರು. ನಗಲು ಶುರು ಮಾಡಿದರೆ ಏಕೆ ನಗುತ್ತಿದ್ದಾರೆಂದು ಗೊತ್ತಿಲ್ಲದೆಯೇ ಇಡೀ ಡಬ್ಬಿ ನಗುತ್ತಿತ್ತು. ಅಬ್ಲಾ ಅಂದರೆ ಅಕ್ಕ. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು.

ಇಂಥವರು ನಮ್ಮ ವಿಶ್ವವಿದ್ಯಾಲಯದ ನೀತಿ ಸಮಿತಿಗೆ ಬಂದದ್ದು ಡಾಕ್ಟರ್ ನೆವೀನ್ ದೆಸೆಯಿಂದ. ನಮ್ಮ ಮನಶ್ಶಾಸ್ತ್ರ ವಿಭಾಗದಲ್ಲಿ ಮನುಷ್ಯರ ಮೇಲಾಗಲಿ ಪ್ರಾಣಿಗಳ ಮೇಲಾಗಲಿ ಯಾರು ಪ್ರಯೋಗ ಮಾಡುವುದಿದ್ದರೂ ಆ ಸಮಿತಿ ಒಪ್ಪಬೇಕು. ಅದರಲ್ಲಿ ಹೊರಗಿನವರೊಬ್ಬರು, ಪ್ರೊಫೆಸರೂ ಅಲ್ಲದ ವೈದ್ಯರೂ ಅಲ್ಲದವರು, ಇರಲೇಬೇಕೆಂದು ನಿಯಮ. ಆ ಕುರ್ಚಿ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅಧ್ಯಕ್ಷೆ ನೆವೀನ್ ದಿನವೂ ಟ್ರಾಮಿನಲ್ಲೇ ಬರುವವರು. ಅಬ್ಲಾ ನಿವೃತ್ತರಾದ ವಾರವೇ ಅವರ ಮನೆ ಹುಡುಕಿಕೊಂಡು ಹೋದರು.

"ನಾನಾ? ಡಾಕ್ಟ್ರುಗಳಿಗೆ ಬುದ್ಧಿ ಹೇಳೋದಾ?" ಎಂದು ಅಬ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ನಾನು ಓದಿರೋದು ಎಂಟನೇ ಕ್ಲಾಸು ಕಣಮ್ಮ!"

"ಅದಕ್ಕೇ ಬೇಕಾಗಿರೋದು. ನಿಮಗೆ ಅರ್ಥವಾಗದೆ ಇದ್ದದ್ದು ಪ್ರಯೋಗಕ್ಕೆ ಬಂದು ಕೂರೋರಿಗೂ ಅರ್ಥವಾಗಲ್ಲ."

ನಾನು ಸಮೀಹಾ, ವಿಭಾಗದ ಟೈಪಿಸ್ಟು. ಸಮಿತಿಯ ನಡಾವಳಿ ಬರೆಯುವುದು ನನ್ನ ಕೆಲಸ. ಅಲ್ಲಿಯವರೆಗೆ ಆ ಸಭೆಗಳಲ್ಲಿ ನನಗೆ ನಿದ್ದೆ ತಡೆಯುವುದೇ ದೊಡ್ಡ ಸಾಹಸವಾಗಿತ್ತು.

ಮೊದಲ ಸಭೆಗೆ ಡಾಕ್ಟರ್ ಹಾಜಿಮ್ ಬಂದರು. ವಯಸ್ಸು ಮೂವತ್ತೆರಡು, ಚುರುಕು ಮನುಷ್ಯ, ಸದಾ ಅವಸರ. ಅವರ ಪ್ರಯೋಗ ಹೀಗಿತ್ತು: ವಿದ್ಯಾರ್ಥಿಗಳಿಗೆ ಒಂದು ಬುದ್ಧಿಪರೀಕ್ಷೆ ಕೊಡುವುದು. ಹೇಗೇ ಬರೆದಿದ್ದರೂ "ನೀವು ಎಲ್ಲರಿಗಿಂತ ಹಿಂದೆ" ಎಂದು ಸುಳ್ಳು ಹೇಳುವುದು. ಆಮೇಲೆ ಅವರು ಅಪರಿಚಿತರೊಬ್ಬರ ಜೊತೆ ಹೇಗೆ ನಡೆದುಕೊಳ್ಳುತ್ತಾರೆಂದು ನೋಡುವುದು. ಒಪ್ಪಿಗೆ ಪತ್ರ ಏಳು ಪುಟ. ಅಬ್ಲಾ ಅದನ್ನು ಜೋರಾಗಿ ಓದತೊಡಗಿದರು. ಎರಡನೇ ಪುಟಕ್ಕೆ ಉಸಿರು ಸಾಲದೆ ನೀರು ಕೇಳಿದರು.

"ಮಗಾ, ಇದರಲ್ಲಿ ಒಂದು ಪುಟ ಸಾಕು. ಏನು ಮಾಡಿಸ್ತೀಯ, ಎಷ್ಟು ಹೊತ್ತು, ಬೇಡ ಅನಿಸಿದರೆ ಎದ್ದು ಹೋಗಬಹುದಾ, ಅಷ್ಟೆ. ಸರಿ, ಆ ಸುಳ್ಳು ಹೇಳ್ತೀನಿ ಅಂದೆಯಲ್ಲ, ಅದು ಸುಳ್ಳು ಅಂತ ಯಾವಾಗ ಹೇಳ್ತೀಯ?"

"ಎಲ್ಲರದೂ ಮುಗಿದ ಮೇಲೆ ಅಬ್ಲಾ. ಮೂರು ತಿಂಗಳಾದ ಮೇಲೆ ಎಲ್ಲರಿಗೂ ಕಾಗದ ಕಳಿಸ್ತೀವಿ."

"ಮೂರು ತಿಂಗಳು!" ಅಬ್ಲಾ ಮೇಜು ತಟ್ಟಿದರು. "ಮೂರು ತಿಂಗಳು ಬಂದು ಕೂತ ಹುಡುಗಿ ತಾನು ಕತ್ತೆ ಅಂದ್ಕೊಂಡು ಓಡಾಡ್ಬೇಕಾ? ಅಷ್ಟರೊಳಗೆ ಅವಳನ್ನು ನೋಡೋಕೆ ಗಂಡಿನ ಕಡೆಯೋರು ಬಂದ್ರೆ? 'ನನಗೆ ಬುದ್ಧಿ ಕಮ್ಮಿ' ಅಂತ ಯಾವನೋ ಅಬ್ಬೇಪಾರಿಯನ್ನ ಒಪ್ಪಿಕೊಂಡುಬಿಟ್ರೆ?"

ಸಭೆಯಲ್ಲಿ ನಗು ಉಕ್ಕಿತು. ಹಾಜಿಮ್ ಕಿವಿ ಕೆಂಪಾದವು. ಬಾಗಿಲು ದಾಟುವ ಮುನ್ನವೇ ಪ್ರತಿಯೊಬ್ಬರಿಗೂ ನಿಜ ಹೇಳಬೇಕು, ಅವರು ಬೇಡವೆಂದರೆ ಅವರ ಉತ್ತರಗಳನ್ನು ಹರಿದು ಹಾಕಬೇಕು ಎಂದು ತೀರ್ಮಾನವಾಯಿತು.

ಹಾಜಿಮ್ ಅವರ ಎರಡನೇ ಯೋಜನೆ ಪಾರಿವಾಳಗಳದು. ಪಾರಿವಾಳ ಮನುಷ್ಯರ ಮುಖ ಗುರುತು ಹಿಡಿಯುತ್ತದೆಯೇ ಎಂದು ನೋಡಬೇಕಿತ್ತು. ಎಂಟು ಹಕ್ಕಿಗಳನ್ನು ಹಸಿವಿನಲ್ಲಿಟ್ಟು, ತೂಕ ಐದರಲ್ಲಿ ಒಂದು ಪಾಲು ಇಳಿದ ಮೇಲೆ, ಸರಿಯಾದ ಚಿತ್ರ ಕುಕ್ಕಿದರೆ ಕಾಳು.

"ಯಾಕಪ್ಪಾ ಹಸಿವು?"

"ಹೊಟ್ಟೆ ತುಂಬಿದ್ರೆ ಅವು ಕೆಲಸ ಮಾಡಲ್ಲ ಅಬ್ಲಾ. ಎಲ್ಲಾ ಕಡೆ ಹೀಗೇ ಮಾಡೋದು."

"ರಮದಾನ್‌ನಲ್ಲಿ ಸಂಜೆ ಹೊಟ್ಟೆ ಬಿರಿಯೋ ಹಾಗೆ ಉಂಡ ಮೇಲೂ ಕುನಾಫಾ ಸಿಹಿಯ ತಟ್ಟೆ ಬಂದರೆ ನೀನು ಬೇಡ ಅಂತೀಯಾ?"

"ಹಕ್ಕಿಗೆ ಕುನಾಫಾ ಎಲ್ಲಿಂದ ತರ್ಲಿ ಅಬ್ಲಾ?" ಎಂದರು ಹಾಜಿಮ್.

ಅಬ್ಲಾನ ಮಹಡಿಯ ಮೇಲೆ ಅವರ ಗಂಡ ಅರವತ್ತು ಪಾರಿವಾಳ ಸಾಕಿದ್ದರು. ಮುಂದಿನ ಸಭೆಗೆ ಅಬ್ಲಾ ಒಂದು ಬುಟ್ಟಿ ಹೊತ್ತು ಬಂದರು. "ಬೆಳಿಗ್ಗೆಯಿಂದ ಜೋಳ ತಿಂದು ತಿಂದು ಇವಕ್ಕೆ ನಡೆಯೋಕೂ ಆಗ್ತಿಲ್ಲ, ನೋಡಿ" ಎಂದು ಮುಚ್ಚಳ ತೆರೆದರು. ನಡೆಯಲಾಗದ ಆ ಎರಡು ಹಕ್ಕಿಗಳು ಒಂದೇ ಏಟಿಗೆ ಮೇಲೆ ಹಾರಿದವು. ಒಂದು ಫ್ಯಾನಿನ ರೆಕ್ಕೆಯ ಮೇಲೆ ಕೂತಿತು. ಪುಣ್ಯಕ್ಕೆ ಆ ಫ್ಯಾನು ತಿಂಗಳಿಂದ ಕೆಟ್ಟಿತ್ತು. ಇನ್ನೊಂದು ನೆವೀನ್ ತಲೆಯ ಮೇಲಿಳಿದು, ಅಲ್ಲಿಂದ ಕಾಗದದ ಮೇಲೆ ಇಳಿದು, ಅಧ್ಯಕ್ಷರು ಸಹಿ ಹಾಕುವ ಜಾಗದಲ್ಲೇ ತನ್ನ ಸಹಿ ಹಾಕಿತು. ಕಾನೂನು ವಿಭಾಗದ ಮುದುಕ ಪ್ರೊಫೆಸರು ಕುರ್ಚಿಯ ಮೇಲೆ ಹತ್ತಿ ನಿಂತು "ಹಿಡೀರಿ, ಹಿಡೀರಿ!" ಎನ್ನುತ್ತಿದ್ದರು. ಹಿಡಿಯಲು ಯಾರ ಕೈಗೂ ಬಲವಿರಲಿಲ್ಲ, ಎಲ್ಲರೂ ನಕ್ಕು ನಕ್ಕು ಸುಸ್ತಾಗಿದ್ದರು.

ಅಬ್ಲಾ ನಿಧಾನವಾಗಿ ನಾಲಿಗೆಯಿಂದ ಲೊಚಗುಟ್ಟುತ್ತ ಮೇಜಿನ ಮೇಲೆ ಒಂದು ಹಿಡಿ ಕುಸುಬೆ ಕಾಳು ಚೆಲ್ಲಿದರು. ಎರಡೂ ತಕ್ಷಣ ಇಳಿದು ಬಂದವು. ಜೋಳ ಚೆಲ್ಲಿದರೆ ಮುಖ ತಿರುಗಿಸಿದವು, ಕುಸುಬೆ ಚೆಲ್ಲಿದರೆ ಓಡಿ ಬಂದವು. ಆರು ಸಲ ಹೀಗೇ ಆಯಿತು. ಆರನೆಯ ಸಲಕ್ಕೆ ಹಾಜಿಮ್ ತಾವೇ ಮಂಡಿಯೂರಿ ಕೂತು ಕಾಳು ಹಾಕುತ್ತಿದ್ದರು. ದಿನದ ಮೇವು ಪೂರ್ತಿ ಕೊಡಬೇಕು, ಪ್ರಯೋಗವನ್ನು ಬೆಳಗಿನ ಮೇವಿಗೆ ಮುಂಚೆ ನಡೆಸಬೇಕು, ಬಹುಮಾನಕ್ಕೆ ಕುಸುಬೆ ಎಂದಾಯಿತು. ಹಕ್ಕಿಗಳು ಕಲಿಯಲು ಮೂರು ವಾರ ಹೆಚ್ಚು ಹಿಡಿಯಿತು, ಆದರೆ ಕಲಿತವು. ಅಂದಿನ ನಡಾವಳಿಯಲ್ಲಿ ನಾನು "ಎರಡು ಪಾರಿವಾಳಗಳು ಹಾಜರಿದ್ದವು" ಎಂದು ಬರೆದೆ. ಯಾರೂ ತಿದ್ದಲಿಲ್ಲ.

ಬುದ್ಧಿಪರೀಕ್ಷೆಯ ಪ್ರಯೋಗ ಶುರುವಾದ ಮೇಲೆ ಅಬ್ಲಾ ಅದನ್ನು ಕಣ್ಣಾರೆ ನೋಡಬೇಕೆಂದರು. ಹೊರಗೆ ನಿಂತು ನೋಡುವುದಲ್ಲ, ಪರೀಕ್ಷೆಗೆ ನಾನೇ ಕೂತು ನೋಡುತ್ತೇನೆಂದರು. ನೆವೀನ್ ಒಪ್ಪಿದರು. ನಾನೂ ಜೊತೆಗೆ ಹೋಗಿ ಮೂಲೆಯಲ್ಲಿ ಕೂತೆ. ಪ್ರಯೋಗ ನಡೆಸುತ್ತಿದ್ದವಳು ಯುಸ್ರಾ, ಕೊನೆಯ ವರ್ಷದ ವಿದ್ಯಾರ್ಥಿನಿ. ಒಂದು ಪುಟದ ಹೊಸ ಪತ್ರ ಓದಿ ಹೇಳಿದಳು, ಅಬ್ಲಾ ಸಹಿ ಹಾಕಿದರು. ನಾಲ್ಕನೇ ಪ್ರಶ್ನೆಗೆ ಪೆನ್ಸಿಲ್ ಕೆಳಗಿಟ್ಟು ಎದ್ದರು.

"ನಾನು ಹೊರಟೆ."

ಯುಸ್ರಾಗೆ ಗಾಬರಿಯಾಯಿತು. "ಅಯ್ಯೋ ಅಬ್ಲಾ, ಇನ್ನು ಹತ್ತೇ ನಿಮಿಷ!"

"ಪತ್ರದಲ್ಲಿ ಎದ್ದು ಹೋಗಬಹುದು ಅಂತ ಇದೆಯೋ ಇಲ್ಲವೋ?"

"ಇದೆ... ಆದರೆ ಯಾರೂ ಹೋಗಲ್ಲ ಅಬ್ಲಾ."

"ಯಾಕೆ ಹೋಗಲ್ಲ?"

ಹುಡುಗಿ ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಮೊದಲನೇ ವರ್ಷದೋರಿಗೆ ಇಲ್ಲಿ ಕೂತರೆ ಐದು ಮಾರ್ಕು. ಕೂರದಿದ್ದರೆ ಇಲ್ಲ, ನಡುವೆ ಎದ್ದರೂ ಇಲ್ಲ. ನಾನೂ ಹಾಗೇ ಕೂತಿದ್ದೆ. ಹೊಟ್ಟೆನೋವಿತ್ತು, ಆದರೂ ಏಳಲಿಲ್ಲ."

ಅಬ್ಲಾನ ಮುಖದ ನಗು ಅಂದು ಮೊದಲ ಸಲ ಇಳಿದದ್ದನ್ನು ನಾನು ನೋಡಿದೆ. "ಯಾರು ಮಾಡಿದ ನಿಯಮ ಇದು?"

ಯುಸ್ರಾ ಪ್ರಶ್ನೆಪತ್ರಿಕೆಗಳನ್ನು ಜೋಡಿಸತೊಡಗಿದಳು. ನನಗೆ ಗೊತ್ತಿತ್ತು. ಟೈಪ್ ಮಾಡಿದವಳು ನಾನೇ. ಅದು ಡಾಕ್ಟರ್ ನೆವೀನ್ ಮಾಡಿದ ನಿಯಮ.

ಮೆಟ್ಟಿಲಿಳಿಯುವಾಗ ಹೇಳಿಬಿಟ್ಟೆ. ಅಬ್ಲಾ ಕಟ್ಟೆಯ ಮೇಲೆ ಕೂತರು. "ನನ್ನನ್ನು ಮನೆಯಿಂದ ಕರೆದುಕೊಂಡು ಬಂದೋಳು ಅವಳು ಸಮೀಹಾ. ಹೇಗೆ ಹೇಳ್ಲಿ?" ಆಮೇಲೆ ತಾವೇ, "ಹೇಳದೆ ಇದ್ರೆ ಇನ್ನೇನಕ್ಕೆ ಕರೆದದ್ದು!" ಎಂದು ಎದ್ದರು.

ಸಭೆಯಲ್ಲಿ ನೇರವಾಗಿ ಹೇಳಿದರು. "ನೆವೀನ್, ಹೋಗೋದು ಬಿಡೋದು ನಿನ್ನಿಷ್ಟ ಅಂತ ಒಂದು ಕೈಲಿ ಬರೆದು, ಇನ್ನೊಂದು ಕೈಲಿ ಐದು ಮಾರ್ಕಿನ ಹಗ್ಗ ಕಟ್ಟಿದ್ದೀಯಲ್ಲಮ್ಮ. ಆ ಮಕ್ಕಳು ಒಪ್ಪಿ ಕೂತಿಲ್ಲ, ಹೆದರಿ ಕೂತಿದಾರೆ."

ನೆವೀನ್ ಮುಖ ಬಿಳಿಚಿತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನಾನು ಪೆನ್ನು ಕೆಳಗಿಟ್ಟೆ.

"ಹನ್ನೊಂದು ವರ್ಷ," ಎಂದರು ಕೊನೆಗೆ. "ಹನ್ನೊಂದು ವರ್ಷದಿಂದ ಬೇರೆಯವರ ಪತ್ರದಲ್ಲಿ ತಪ್ಪು ಹುಡುಕ್ತಿದ್ದೀನಿ. ಇದು ನನಗೆ ಹೊಳೀಲೇ ಇಲ್ಲ. ಬರ್ಕೋ ಸಮೀಹಾ, ತಪ್ಪು ನನ್ನದು."

ಕೂರಲು ಮನಸ್ಸಿಲ್ಲದವರು ಒಂದು ಪುಟದ ಪ್ರಬಂಧ ಬರೆದು ಅದೇ ಐದು ಮಾರ್ಕು ಪಡೆಯಬಹುದು, ಕೂತವರು ನಡುವೆ ಎದ್ದು ಹೋದರೂ ಮಾರ್ಕು ಕಡಿಮೆಯಾಗದು ಎಂದು ನಿಯಮ ಬದಲಾಯಿತು. ಸಭೆ ಮುಗಿದ ಮೇಲೆ ಅಬ್ಲಾ, ನೆವೀನ್ ಇಬ್ಬರೂ ಸಮುದ್ರದ ದಂಡೆಗೆ ಹೋಗಿ ಸುಟ್ಟ ಗೆಣಸು ತಿಂದರಂತೆ.

ಆಮೇಲಿನ ವಾರ ಆದದ್ದನ್ನು ಈಗ ನೆನೆದರೂ ನನಗೆ ಪಕ್ಕೆ ನೋಯುತ್ತದೆ. ಎದ್ದು ಹೋಗಬಹುದೆಂಬ ಸುದ್ದಿ ಕ್ಯಾಂಟೀನಿಗೆ ಮುಟ್ಟಿತು. ಹುಡುಗ ಹುಡುಗಿಯರು ಸಾಲುಗಟ್ಟಿ ಬಂದರು, ಎದ್ದು ಹೋಗುವುದಕ್ಕೆಂದೇ! ಒಬ್ಬ ಮೊದಲ ಪ್ರಶ್ನೆಗೆ ಎದ್ದ. ಒಬ್ಬಳು ಕೂರುವ ಮೊದಲೇ ಎದ್ದಳು. ಇನ್ನೊಬ್ಬ ಗಂಭೀರವಾಗಿ ಕೈಮುಗಿದು ಹೊರಗೆ ಹೋಗಿ, ಅರ್ಧ ನಿಮಿಷಕ್ಕೆ ತಲೆ ಒಳಗಿಟ್ಟು, "ಮತ್ತೆ ಬಂದು ಕೂರಬಹುದಾ?" ಎಂದ. ಒಂದೇ ದಿನ ಹನ್ನೊಂದು ಮಂದಿ. ಹಾಜಿಮ್ ಕಾರಿಡಾರಿನಲ್ಲಿ ಅತ್ತಿಂದಿತ್ತ ಓಡುತ್ತ "ಅಬ್ಲಾ, ನನ್ನ ಸಂಶೋಧನೆ ಮುಗಿಸಿಬಿಟ್ರಲ್ಲ!" ಎಂದು ಫೋನಿನಲ್ಲಿ ಕೂಗುತ್ತಿದ್ದರು. ಅತ್ತ ಕಡೆಯಿಂದ ಬರೀ ನಗು ಕೇಳುತ್ತಿತ್ತು. ಕೊನೆಗೆ ಅವರೂ ಗೋಡೆಗೊರಗಿ ನಗತೊಡಗಿದರು.

ನಾಲ್ಕು ದಿನಕ್ಕೆ ಹೊಸತನ ಹಳಸಿತು. ಐದನೇ ದಿನದಿಂದ ಬಂದವರು ಕೂತರು, ಬೇಕೆಂದೇ ಕೂತರು. ಹಾಜಿಮ್‌ಗೆ ಬೇಕಾದಷ್ಟು ಜನ ಸಿಕ್ಕಿದರು, ಸ್ವಲ್ಪ ತಡವಾಗಿ.

ಅಬ್ಲಾ ಸಮಿತಿಗೆ ಬಂದು ಈಗ ನಾಲ್ಕನೇ ವರ್ಷ. ಇನ್ನೊಂದು ವಿಭಾಗದವರೂ ಗುರುವಾರದ ತಮ್ಮ ಸಮಿತಿಗೆ ಕರೆದರು. ಗುರುವಾರ ಮೊಮ್ಮಕ್ಕಳಿಗೆ ಈಜು ಕಲಿಸುವ ದಿನ, ಆಗುವುದಿಲ್ಲ ಎಂದು ಅಬ್ಲಾ ಹೇಳಿ ಕಳಿಸಿದರು.