ಗಿರಣಿಯ ಹಿಂದಿನ ಬೂದಿದಿಬ್ಬ

ಅದು ೧೯೮೩ನೇ ಇಸವಿ. ಗಂಗಾವತಿಯಲ್ಲಿ ನಮ್ಮ ಓಣಿಗೆ ಹೊಂದಿಕೊಂಡಿದ್ದ ಅಕ್ಕಿ ಗಿರಣಿ ಎರಡು ವರ್ಷ ಮುಚ್ಚಿದ್ದು, ಆ ದೀಪಾವಳಿಗೆ ಮತ್ತೆ ಶುರುವಾಯಿತು. ಮಾಲೀಕರ ಅಣ್ಣತಮ್ಮಂದಿರ ಜಗಳದಲ್ಲಿ ಅದಕ್ಕೆ ಬೀಗ ಬಿದ್ದಿತ್ತು. ನಮ್ಮ ಯಜಮಾನರು ಅಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ಹಾಕಿ ಉರಿಸುವ ಕೆಲಸಗಾರರು. ಗಿರಣಿ ಮುಚ್ಚಿದ ಮೇಲೆ ಕಾರಟಗಿಯವರೆಗೂ ಹೋಗಿ ಸಿಕ್ಕ ಕಡೆ ಚೀಲ ಹೊತ್ತರು. ನಾನು ಕುಪ್ಪಸ ಹೊಲಿದೆ. ಒಂದು ಹೊತ್ತು ಉಂಡು ಮಲಗಿದ ದಿನಗಳೂ ಇದ್ದವು.

ಹಾಗಾಗಿ ಚಿಮಣಿಯಲ್ಲಿ ಮತ್ತೆ ಹೊಗೆ ಕಂಡ ದಿನ ಓಣಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದು ನೋಡುತ್ತ ನಿಂತೆವು. ಪಕ್ಕದ ಮನೆಯ ಹುಸೇನಬಿ, "ಅಲ್ಲಿ ಒಲಿ ಹೊತ್ತಿತು ಗಂಗವ್ವಾ, ಇನ್ನ ನಮ್ಮನ್ಯಾಗೂ ಹೊತ್ತತೈತಿ" ಎಂದು ನಕ್ಕಳು. ಆಕೆ ಗಿರಣಿಯಲ್ಲಿ ನುಚ್ಚು ಕೇರುತ್ತಿದ್ದಳು. ಆಕೆಯ ಗಂಡ ಖಾಸಿಂ ಅಲ್ಲೇ ಹಮಾಲಿ.

ಗಿರಣಿ ಈ ಸಲ ಜೋರಾಗಿ ನಡೆಯಿತು. ಹಗಲು ರಾತ್ರಿ ಲಾರಿಗಳು ಬಂದವು. ಚಹಾದಂಗಡಿ, ಖಾನಾವಳಿ, ಸೈಕಲ್ ಅಂಗಡಿ ಎಲ್ಲವೂ ಚೇತರಿಸಿಕೊಂಡವು. ಆದರೆ ಉರಿಸಿದ ಹೊಟ್ಟಿನ ಬೂದಿಯನ್ನು ಮೊದಲಿನ ಹಾಗೆ ದೂರ ಒಯ್ಯಲಿಲ್ಲ. ಡೀಸೆಲ್ ಖರ್ಚು ಯಾಕೆಂದು ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಓಣಿಯ ಬೆನ್ನಿಗೇ ಸುರಿದರು. ಕಾಲುವೆಗೆ ಹೋಗುವ ಕಾಲುದಾರಿ ಅದರಲ್ಲಿ ಮುಚ್ಚಿಹೋಯಿತು. ಒಗೆದು ಹಾಕಿದ ಬಟ್ಟೆ ಕಪ್ಪಾಗುತ್ತಿತ್ತು, ಮಕ್ಕಳ ಕಣ್ಣುಗಳು ಕೆಂಪಾಗುತ್ತಿದ್ದವು. ಕೆಲಸ ಸಿಕ್ಕಿದೆಯಲ್ಲ ಎಂದು ಯಾರೂ ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ಹುಸೇನಬಿ ಮತ್ತು ನಾನು ಕಾಲುವೆಯಲ್ಲಿ ಬಟ್ಟೆ ಒಗೆದು ಮರಳುತ್ತಿದ್ದೆವು. ಹಿಂದಿನ ದಿನ ಸ್ವಲ್ಪ ಮಳೆ ಹನಿದಿತ್ತು. ದಿಬ್ಬದ ಮೇಲಿನ ಬೂದಿ ಹೆಪ್ಪುಗಟ್ಟಿ ಬರಿಯ ಕರಿಮಣ್ಣಿನ ಹಾಗೆ ಕಾಣುತ್ತಿತ್ತು. ಹುಸೇನಬಿಗೆ ಕೆಲಸಕ್ಕೆ ಹೊತ್ತಾಗಿತ್ತು. ಸುತ್ತು ಹಾಕುವುದು ಬೇಡವೆಂದು ಅದರ ಅಂಚಿನ ಮೇಲೆ ಹೆಜ್ಜೆ ಇಟ್ಟಳು. ಎರಡನೇ ಹೆಜ್ಜೆಗೆ ಕಾಲು ಮೊಣಕಾಲವರೆಗೆ ಒಳಗೆ ಹೋಯಿತು. ಮೇಲೆ ತಣ್ಣಗಾಗಿದ್ದ ಬೂದಿ ಒಳಗೆ ನಿಗಿನಿಗಿ ಕೆಂಡವಾಗಿತ್ತು.

ಆಕೆ ಕೂಗಿದ ಕೂಗು ಮನುಷ್ಯರದು ಎಂದು ಅನಿಸಲಿಲ್ಲ. ಕಾಲು ಕೀಳಲು ಹೋಗಿ ಇನ್ನೊಂದು ಕಾಲೂ ಹೂತಿತು. ನಾನು ಓಡಿಹೋಗಿ ಕೈ ಹಿಡಿಯಲು ನೋಡಿದೆ. ಅಂಚಿನಲ್ಲೇ ನನ್ನ ಅಂಗಾಲು ಚುರ್ರೆಂದಿತು. ಏನು ತೋಚಿತೋ, ಬುಟ್ಟಿಯಲ್ಲಿದ್ದ ಹಸಿ ಸೀರೆ ತೆಗೆದು ಒಂದು ತುದಿ ಎಸೆದೆ. "ಗಟ್ಟಿ ಹಿಡಿಯವ್ವಾ, ಬಿಡಬ್ಯಾಡ!" ಎಂದು ಕಿರುಚುತ್ತ ಎಳೆದೆ. ಆಕೆ ಬೋರಲಾಗಿ ಬಿದ್ದು ಸೀರೆ ಹಿಡಿದಳು. ಮೊಣಕೈ ಸುಟ್ಟರೂ ಬಿಡಲಿಲ್ಲ. ಹೊರಗೆ ಬಂದಾಗ ಚಪ್ಪಲಿಯ ರಬ್ಬರು ಕರಗಿ ಪಾದಕ್ಕೆ ಅಂಟಿತ್ತು. ಅದನ್ನು ಬಿಡಿಸಹೋದರೆ ಚರ್ಮವೇ ಬಂತು.

ಕೈಗಾಡಿಯ ಮೇಲೆ ಮಲಗಿಸಿ ಸರಕಾರಿ ದವಾಖಾನೆಗೆ ಒಯ್ದೆವು. ಗಿರಣಿಯ ಜೀಪು ಗೇಟಿನಲ್ಲೇ ನಿಂತಿತ್ತು. ಕೇಳಿದರೆ ಡ್ರೈವರು ಬೇರೆ ಕಡೆ ನೋಡಿದ. ಹುಸೇನಬಿ ಬದುಕಿದಳು. ಬಲಗಾಲಿನ ಬೆರಳುಗಳು ಉಳಿಯಲಿಲ್ಲ.

ಆರೇಳು ಹೆಂಗಸರು ಕೂಡಿ ಗಿರಣಿಯ ಮಾಲೀಕ ಸಾಹುಕಾರರ ಹತ್ತಿರ ಹೋದೆವು. ಅವರೇನೂ ಸಿಟ್ಟು ಮಾಡಲಿಲ್ಲ. ಕೂರಿಸಿಯೇ ಮಾತಾಡಿದರು. "ಆಕಿ ಆ ಹೊತ್ತಿನ್ಯಾಗ ಕೆಲಸದ ಮ್ಯಾಲ ಇರಲಿಲ್ಲವ್ವಾ. ನಾ ಏನ್ ಮಾಡಲಿ?" ಎಂದರು. ಬೂದಿಯ ಮಾತು ತೆಗೆದಾಗ ಮಾತ್ರ ದನಿ ಬದಲಾಯಿತು. "ಗಿರಣಿ ತಗೀರಿ, ತಗೀರಿ ಅಂತ ನೀವ ಬಂದು ಕಾಲ ಬಿದ್ದಿರಿ. ಈಗ ಗಿರಣಿ ಬೇಕು, ಬೂದಿ ಬ್ಯಾಡ ಅಂದ್ರ ಹ್ಯಾಂಗ?"

ಅವತ್ತು ಊಟಕ್ಕೆ ಕೂತಾಗ ನಮ್ಮ ಯಜಮಾನರು ತಲೆ ಎತ್ತಲಿಲ್ಲ. "ಎರಡ ವರ್ಷ ಹ್ಯಾಂಗ ಕಳದೀವಿ, ಮರತೀ ಏನು?" ಎಂದರು.

"ಮರತಿಲ್ರಿ. ಆದ್ರ ನಾಳಿ ನಮ್ಮ ಹುಡಿಗಿ ಅದರಾಗ ಕಾಲ ಇಟ್ರ?"

ಅವರು ಎದ್ದು ಕೈ ತೊಳೆದರು.

ಮರುದಿನ ನಾವು ಹೆಂಗಸರು ಬೂದಿ ತರುವ ಟ್ರ್ಯಾಕ್ಟರಿನ ದಾರಿಗೆ ಅಡ್ಡ ಕೂತೆವು. ಡ್ರೈವರು ಬೈದ, ಹಾರ್ನ್ ಹೊಡೆದ, ಕೊನೆಗೆ ತಿರುಗಿಸಿಕೊಂಡು ಹೋದ. ಮರುದಿನವೂ ಹಾಗೇ ಆಯಿತು. ಗಿರಣಿಯ ಒಳಗೆ ಬೂದಿಗುಂಡಿ ತುಂಬಿ ಉಕ್ಕಿತು. ಆಗ ನಮ್ಮ ಯಜಮಾನರು ಸಲಿಕೆ ಕೆಳಗಿಟ್ಟು, "ಬೂದಿ ಹೊರಗ ಹೋಗದ ಉರಿ ಹಾಕಾಕ ಬರೂದಿಲ್ರಿ" ಎಂದು ಸಾಹುಕಾರರಿಗೆ ಹೇಳಿದರಂತೆ. ಮನೆಯಲ್ಲಿ ಅದನ್ನು ಅವರು ಹೇಳಲೇ ಇಲ್ಲ. ಖಾಸಿಂ ಹೇಳಿದ್ದು. ಇನ್ನು ಬೂದಿ ಬೇರೆ ಕಡೆ ಹಾಕುತ್ತೇವೆಂದು ಸಂಜೆಯೊಳಗೆ ಗಿರಣಿಯಿಂದ ಹೇಳಿಕಳಿಸಿದರು.

ಓಣಿಯಲ್ಲಿ ಹಬ್ಬದ ಕಳೆ ಬಂತು. ನಾನು ಗೋಧಿ, ಬೆಲ್ಲದ ಮಾದಲಿ ಮಾಡಿಕೊಂಡು ದವಾಖಾನೆಗೆ ಹೋದೆ. ಹುಸೇನಬಿ ಎಲ್ಲ ಕೇಳಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಮತ್ತ ಈಗ ಎಲ್ಲಿ ಹಾಕಾಕತ್ತ್ಯಾರ?" ಎಂದಳು.

ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ವಿಚಾರಿಸಿದಾಗ ಗೊತ್ತಾಯಿತು. ಕಾಲುವೆಯ ಆಚೆ ದಂಡೆಯಲ್ಲಿ ಯಲಬುರ್ಗಾ, ಕುಷ್ಟಗಿ ಕಡೆಯಿಂದ ಕೂಲಿಗೆ ಬಂದವರ ಗುಡಿಸಲುಗಳಿದ್ದವು. ಅವುಗಳ ಹಿಂದೆ ಸುರಿಯುತ್ತಿದ್ದರು. ನಾನು ಮಾರನೇ ದಿನವೇ ಹೋದೆ. ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಗುಡಿಸಲ ಮುಂದೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಹೊಸ ದಿಬ್ಬ ಅಲ್ಲಿಂದ ಹತ್ತು ಮಾರೂ ಇರಲಿಲ್ಲ.

"ಮ್ಯಾಲೆ ತಣ್ಣಗ ಕಾಣತೈತವ್ವಾ, ಒಳಗ ಬೆಂಕಿ ಇರತೈತಿ. ಹುಡುಗರನ್ನ ಬಿಡಬ್ಯಾಡ್ರಿ" ಎಂದು ಎಲ್ಲ ಹೇಳಿದೆ. ಹುಸೇನಬಿಯ ಕಾಲಿನ ಸಂಗತಿಯನ್ನೂ ಹೇಳಿದೆ. ಆಕೆ ಒಳಗಿಂದ ನೀರು ತಂದುಕೊಟ್ಟಳು. ನಾನು ಕುಡಿದ ಚೊಂಬು ತಿರುಗಿ ತೆಗೆದುಕೊಳ್ಳುತ್ತ ಕೇಳಿದಳು.

"ನಿಮ್ಮ ಕಡೆ ಹಾಕತಿದ್ದರೇನ್ರಿ ಮೊದಲ?"

"ಹೌದು."

"ಬ್ಯಾಡ ಅಂದಿರೇನ್ರಿ ನೀವು?"

"ಹೌದವ್ವಾ."

"ಛಲೋ ಮಾಡಿದ್ರಿ. ನಾವಿದ್ರೂ ಅದನ್ನ ಮಾಡತಿದ್ವಿ" ಎಂದಳು. ಆಕೆಯ ದನಿಯಲ್ಲಿ ಕೊಂಕು ಇರಲಿಲ್ಲ. ಮಗುವನ್ನು ಎತ್ತಿಕೊಂಡು ದಿಬ್ಬದ ಕಡೆ ನೋಡಿ ಕೇಳಿದಳು. "ಈಗ ನಾವು ಯಾರ ಕಡೆ ಕಳಸೂಣ್ರಿ?"

ನಾನು ಅವರ ಗುಡಿಸಲಿನ ಕೊಡಲಿ ಕೇಳಿದೆ. ಇಬ್ಬರೂ ಸೇರಿ ಜಾಲಿಮುಳ್ಳು ಕಡಿದು ಗುಡಿಸಲಿಗೂ ದಿಬ್ಬಕ್ಕೂ ನಡುವೆ ಬೇಲಿ ಹಾಕಿದೆವು. ನಮ್ಮ ಗಂಡಂದಿರು ಗಿರಣಿಯ ಒಳಗಿದ್ದರು, ಅದಕ್ಕೇ ಟ್ರ್ಯಾಕ್ಟರು ನಿಂತಿತು. ಈ ಗುಡಿಸಲಿನವರ ಪರವಾಗಿ ಸಲಿಕೆ ಕೆಳಗಿಡುವವರು ಯಾರೂ ಇರಲಿಲ್ಲ. ಓಣಿಗೆ ಬಂದು ಎಷ್ಟು ಹೇಳಿದರೂ ಎರಡನೇ ಸಲ ಟ್ರ್ಯಾಕ್ಟರಿಗೆ ಅಡ್ಡ ಕೂರಲು ಯಾರೂ ಎದ್ದು ಬರಲಿಲ್ಲ. ಬೇಸಿಗೆಯಲ್ಲಿ ಅಲ್ಲೊಬ್ಬ ಮುದುಕ ಕಾಲು ಸುಟ್ಟುಕೊಂಡ ಸುದ್ದಿ ಬಂತು.

ಆ ಗಿರಣಿಯ ಸಂಬಳದಲ್ಲೇ ನನ್ನ ಮಕ್ಕಳು ಸಾಲೆ ಕಲಿತರು. ಅದನ್ನು ಇಲ್ಲವೆಂದರೆ ಬಾಯಿ ಬಿದ್ದುಹೋಗುತ್ತದೆ. ಆದರೆ ಗಿರಣಿಗಳು ಬಂದು ನಮ್ಮೂರು ಉದ್ಧಾರವಾಯಿತು ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದಾಗ ನನಗೆ ಇಂದಿಗೂ ಹೌದು ಎನ್ನಲು ಆಗುವುದಿಲ್ಲ, ಇಲ್ಲ ಎನ್ನಲೂ ಆಗುವುದಿಲ್ಲ.