ಅತ್ತೆ ತೊಳೆದ ಕೆಸರು

ಭಟ್ಕಳದಿಂದ ಕುಮಟಾದವರೆಗೆ ಕಡಲ ತಳದಲ್ಲಿ ಎಲ್ಲಿ ಮರಳು, ಎಲ್ಲಿ ಕೆಸರು, ಎಲ್ಲಿ ಬಂಡೆ ಎಂದು ನಕ್ಷೆ ಮಾಡುವ ಕೆಲಸಕ್ಕೆ ನಾನು ಸೇರಿದ್ದು ಎರಡು ಸಾವಿರದ ಇಸವಿಯ ಆಚೀಚೆ. ಭೂವಿಜ್ಞಾನ ಓದಿದ ಹುಡುಗಿಗೆ ಕೊನೆಗೆ ಸಿಕ್ಕಿದ್ದು ಕೆಸರು ಒಣಗಿಸುವ ಕೆಲಸ ಎಂದು ಧಾರೇಶ್ವರದ ನಮ್ಮ ಕೇರಿಯವರು ನಗಾಡುತ್ತಿದ್ದರು. ಅವರು ನಗುವುದರಲ್ಲಿ ತಪ್ಪೇನೂ ಇರಲಿಲ್ಲ. ದೋಣಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಕಬ್ಬಿಣದ ಬಾಯಿ ತಳದಿಂದ ಕಚ್ಚಿ ತಂದದ್ದನ್ನು ಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಬರುತ್ತಿದ್ದೆ. ಕುಮಟಾದಲ್ಲಿದ್ದ ನಮ್ಮ ಕಚೇರಿಯ ಬಾಡಿಗೆ ಕೋಣೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಹಾಗಾಗಿ ಒಣಗಿಸುವುದೆಲ್ಲ ನಮ್ಮ ಮನೆಯಂಗಳದಲ್ಲಿ, ಹಪ್ಪಳ ಹರವಿದ ಹಾಗೆ. ಒಂದೊಂದು ತಟ್ಟೆಗೂ ಒಂದೊಂದು ನಂಬರು.

ಆ ತಟ್ಟೆಗಳ ಹತ್ತಿರ ಸುಳಿಯದೇ ಇದ್ದವಳು ಅತ್ತೆ, ಅಪ್ಪನ ಅಕ್ಕ. ನಾನಿನ್ನೂ ಶಾಲೆಯಲ್ಲಿದ್ದಾಗ, ಮಾವ ಕೂಲಿಗೆ ಹೋಗಿದ್ದ ದೋಣಿ ಹೊನ್ನಾವರದ ಎದುರು ಕಡಲೊಳಗಿರುವ ಬಸವರಾಜದುರ್ಗದ ನಡುಗಡ್ಡೆಯ ಆಚೆ ಮಗುಚಿತ್ತು. ಉಳಿದವರು ಬದುಕಿ ಬಂದರು. ಮಾವನ ಹೆಣವೂ ಸಿಗಲಿಲ್ಲ. ದರ್ಭೆಯ ಗೊಂಬೆ ಸುಟ್ಟು ಕರ್ಮ ಮುಗಿಸಿದರು. ಅಂದಿನಿಂದ ಅತ್ತೆ ನಮ್ಮ ಮನೆಯಲ್ಲೇ ಇದ್ದಳು. ಕಡಲು ಕೂಗಳತೆಯಲ್ಲಿದ್ದರೂ ಆ ಕಡೆ ತಲೆಹಾಕಿದವಳಲ್ಲ.

ಒಂದು ದಿನ ಕಾಯಿ ಹೆರೆಯುತ್ತಾ ಕೇಳಿದಳು, ದುರ್ಗದ ಆಚೆಗೂ ಹೋಗುತ್ತೀರಾ ಎಂದು. ಮುಂದಿನ ವಾರ ಎಂದೆ. ಅವಳು ಹೆರೆಯುವುದನ್ನು ನಿಲ್ಲಿಸಿದಳು.

"ಅಲ್ಲಿ ತಳದಲ್ಲಿ ಎಂತ ಅದೆ? ಬಂಡೆಯಾ, ಮೆತ್ತಗಾ?"

ದುರ್ಗವೇ ಒಂದು ಬಂಡೆ. ಅದರ ಸುತ್ತಲೂ ಬಂಡೆಯೇ ಇರಬೇಕೆಂದು ಇಷ್ಟು ವರ್ಷ ಒಳಗೊಳಗೇ ಅಂದುಕೊಂಡು ಬಂದಿದ್ದಳು. ಮಾವ ಮಲಗಿರುವ ಜಾಗ ಹೇಗಿದೆ ಎನ್ನುವುದೊಂದೇ ಅವಳಿಗೆ ಬೇಕಾಗಿತ್ತು. ತಂದು ತೋರಿಸುತ್ತೇನೆ ಎಂದುಬಿಟ್ಟೆ.

ಅಲ್ಲಿಗೆ ಹೋದ ದಿನ ಕಡಲು ನನ್ನನ್ನು ಚೆನ್ನಾಗಿ ಆಡಿಸಿತು. ನಾನು ವಾಂತಿ ಮಾಡಿಕೊಂಡು ದೋಣಿಯ ಅಂಚಿಗೆ ಜೋತುಬಿದ್ದಿದ್ದೆ. ಚೀಲ ಕಟ್ಟಿದವರು ಬೇರೆಯವರು. ಮನೆಗೆ ತಂದವಳೇ ಬಿಚ್ಚದೆ ಅಂಗಳದಲ್ಲಿಟ್ಟು, ದುರ್ಗದ ಆಚೆಯ ಚೀಲ ಇದೇ ಎಂದು ಅತ್ತೆಗೆ ತೋರಿಸಿ ಮಲಗಿಬಿಟ್ಟೆ. ಬೆಳಿಗ್ಗೆದ್ದು ಕುಮಟಾಕ್ಕೆ ಓಡಿದೆ.

ಸಂಜೆ ಬಂದು ನೋಡಿದರೆ ತಟ್ಟೆಯಲ್ಲಿ ಒಂದಿಷ್ಟು ದಪ್ಪ ಮರಳು, ಚಿಪ್ಪಿನ ಚೂರುಗಳು. ಎಲ್ಲ ತೊಳೆದು ಫಳಫಳ ಹೊಳೆಯುತ್ತಿದ್ದವು. ಪಕ್ಕದಲ್ಲಿ ಖಾಲಿ ಕೊಡಪಾನ. ನನಗೆ ಮೈಯೆಲ್ಲ ಉರಿದುಹೋಯಿತು. ಎಂತ ಮಾಡಿಟ್ಟೆ ಎಂದು ಪಕ್ಕದ ಮನೆಗೂ ಕೇಳುವ ಹಾಗೆ ಕೂಗಿದೆ.

"ಕಡಲಿಂದ ಬಂದವ್ರಿಗೆ ಬಾವಿನೀರು ಹೊಯ್ಯೂದಲ್ವಾ," ಎಂದಳು ಅತ್ತೆ.

ನಮ್ಮ ಕೇರಿಯಲ್ಲಿ ಕಡಲಿಗೆ ಹೋದವರು ಹಾಗೆಯೇ ಒಳಗೆ ಬರುವ ಹಾಗಿಲ್ಲ. ಹೆಂಡತಿಯೋ ತಾಯಿಯೋ ಅಂಗಳದಲ್ಲೇ ತಲೆಯ ಮೇಲೆ ಒಂದು ಕೊಡ ಸಿಹಿನೀರು ಸುರಿದು ಉಪ್ಪು ಕಳೆಯಬೇಕು. ಮಾವ ಬಾರದ ದಿನ ಅತ್ತೆ ಸಂಜೆಯಿಡೀ ನೀರು ತುಂಬಿಟ್ಟುಕೊಂಡು ಕೂತಿದ್ದನ್ನು ನಾನೇ ನೋಡಿದ್ದೆ. ಖಾಲಿ ಕೊಡಪಾನ ಎತ್ತಿ ಬಾವಿಕಟ್ಟೆಯ ಮೇಲಿಟ್ಟು ಬಂದೆ.

ಆದರೆ ಅವಳಿಗೂ ಸಮಾಧಾನವಾಗಿರಲಿಲ್ಲ. ಚಿಪ್ಪಿನ ಚೂರುಗಳನ್ನು ಅಂಗೈಯಲ್ಲಿ ಒತ್ತಿ ನೋಡುತ್ತಾ, "ಇಂಥಾ ಒರಟಲ್ಲಿ ಬಿದ್ಕಂಡಿದ್ದಾರೆ ಅವ್ರು," ಎಂದು ಅತ್ತಳು. ನುಣ್ಣಗಿದ್ದದ್ದು ನೀರಿನ ಜೊತೆ ಹೋಗಿರಬೇಕು ಎಂದು ನಾನು ಎಷ್ಟು ಹೇಳಿದರೂ, ತನ್ನ ಕಣ್ಣೊರೆಸಲು ಹೇಳುತ್ತಿದ್ದೇನೆ ಎಂದುಕೊಂಡಳು. ನಿಜ ಹೇಳಬೇಕೆಂದರೆ ನನಗೂ ಖಾತ್ರಿ ಇರಲಿಲ್ಲ.

ಆ ಜಾಗದ ಮಾದರಿ ಹಾಳಾಯಿತು ಎಂದು ಮುಖ್ಯಸ್ಥರಿಗೆ ಹೇಳಿದೆ. ಮುಖ ಗಂಟಿಕ್ಕಿದರು. ದೋಣಿಯ ಕೆಲಸ ಮುಗಿದಿತ್ತು, ಮತ್ತೆ ಹೋಗುವ ಮಾತೇ ಇಲ್ಲ. ಇರುವುದರಲ್ಲೇ ನೋಡು ಎಂದರು. ಇದ್ದದ್ದು ಮೂರು. ತಳಕ್ಕೆ ಸದ್ದು ಕಳಿಸಿ ಅದು ತಿರುಗಿ ಬಂದದ್ದನ್ನು ಗೀಚಿದ ಯಂತ್ರದ ಕಾಗದದ ಸುರುಳಿ, ಹಡಗಿನವರ ಹಳೆಯ ನಕ್ಷೆ, ಸುತ್ತಲಿನ ಜಾಗಗಳ ಮಾದರಿಗಳು. ಒಂದೊಂದನ್ನೇ ನಂಬುವುದು ಕಷ್ಟ. ಬಂಡೆಯಿದ್ದರೆ ಸದ್ದು ಗಟ್ಟಿಯಾಗಿ, ಎರಡೆರಡು ಸಲ ಮರಳುತ್ತದೆ. ಇಲ್ಲಿ ಮಂಕಾಗಿ ಬಂದಿತ್ತು, ಆದರೆ ಅದೊಂದರಿಂದಲೇ ಕೆಸರು ಎನ್ನುವ ಹಾಗಿರಲಿಲ್ಲ. ಹಳೆಯ ನಕ್ಷೆ ಕೆಸರು ಎನ್ನುತ್ತಿತ್ತು, ಆದರೆ ಅದು ಅಜ್ಜನ ಕಾಲದ್ದು. ನೆರೆಯ ಮಾದರಿಗಳೆಲ್ಲ ಕೆಸರೇ, ಆದರೆ ನೆರೆಮನೆ ನಮ್ಮ ಮನೆಯಲ್ಲವಲ್ಲ. ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟಾಗ ಮೂರೂ ಒಂದೇ ಮಾತು ಹೇಳಿದವು. ಇಲ್ಲಿ ಮಾದರಿ ಇಲ್ಲ ಎಂದು ಗುರುತು ಹಾಕಿ, ಕೆಸರಿನ ಬಣ್ಣ ತುಂಬಿದೆ. ಅಷ್ಟು ಖುಷಿಯಿಂದ ನಾನು ಇನ್ಯಾವ ಜಾಗಕ್ಕೂ ಬಣ್ಣ ತುಂಬಿಲ್ಲ.

ನಕ್ಷೆಯ ಒಂದು ಪ್ರತಿಯನ್ನು ಮನೆಗೆ ತಂದು ಅತ್ತೆಯ ಮುಂದೆ ಹರಡಿ ಎಲ್ಲವನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಣ್ಣ ಬಳ್ದದ್ದು ನೀನೇ ಅಲ್ವಾ?"

ಹೌದಲ್ಲ! ಅವಳನ್ನು ನಂಬಿಸಲು ಕಾಗದ ಸಾಲದು ಎಂದು ಗೊತ್ತಾಯಿತು. ಆಗ ಹೊಳೆಯಿತು: ಅತ್ತೆ ಸುರಿದ ನೀರು ಎಲ್ಲಿಗೆ ಹೋಯಿತು?

ಅಂಗಳದ ನೀರೆಲ್ಲ ಹರಿದು ನಿಲ್ಲುವುದು ಅಬ್ಬಲಿಗೆ ಗಿಡಗಳ ಪಕ್ಕದ ತಗ್ಗಿನಲ್ಲಿ. ಅವಳ ಕೈಹಿಡಿದು ಕರೆದುಕೊಂಡು ಹೋದೆ. ನಮ್ಮ ಕೆಂಪು ಮಣ್ಣಿನ ಮೇಲೆ ಬೂದುಬಣ್ಣದ ಒಂದು ಪದರ ಒಣಗಿ, ಬಿರಿದು, ಅಂಚು ಮೇಲಕ್ಕೆ ಸುರುಟಿಕೊಂಡಿತ್ತು. ನಮ್ಮೂರಿನ ಮಣ್ಣಿಗೆ ಆ ಬಣ್ಣವಿಲ್ಲ. ಒಂದು ತುಂಡು ಎತ್ತಿ ಅವಳ ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಬಿಟ್ಟೆ.

ಅತ್ತೆ ಹೆಬ್ಬೆರಳಿನಿಂದ ಉಜ್ಜಿದಳು. ಬೆಣ್ಣೆಯ ಹಾಗೆ ಹರಡಿತು, ಒಂದು ಕಾಳೂ ಕೈಗೆ ತಾಗಲಿಲ್ಲ. ಬಹಳ ಹೊತ್ತು ಉಜ್ಜುತ್ತಲೇ ಇದ್ದಳು.

"ಮೆತ್ತಗೇ ಅದೆ," ಎಂದಳು. "ಆತು."

ಕೈ ತೊಳೆಯದೆಯೇ ಒಳಗೆ ಹೋದಳು.